ಮೇಲಿನ ಮನೆಯ ಬಾಣಂತಿ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ತುಂಬು ಮನಸ್ಸಿನ ಹಾರೈಕೆಗಳು. ಇಲ್ಲಿ ನಾವು ಮೂವರೂ ಗಟ್ಟಿಮುಟ್ಟಾಗಿದ್ದೇವೆ. ನೀನು, ಅಳಿಯಂದಿರು, ನನ್ನ ಪುಟಾಣಿ ಮೊಮ್ಮಗಳು, ನಿನ್ನ ಅತ್ತೆ ಮಾವ ಎಲ್ಲರೂ ಹಾಗೇ ಇರಲಿ.

ಮಗು ಹುಟ್ಟಿದ ದಿನವೇ ಕಾಗದ ಬರೆಯುತ್ತೇನೆ ಅಂದವಳು ಮೂರು ತಿಂಗಳು ತಡ ಮಾಡಿದೆ. ಬೇಸರ ಮಾಡಿಕೊಳ್ಳಬೇಡ. ದಿನಾ ಫೋನಿದೆಯಲ್ಲ, ಕಾಗದ ಯಾಕೆ ಅಂತಲೂ ಅನ್ನಬೇಡ. ಮುಖ ಕಾಣುವ ಫೋನಿನಲ್ಲಿ ನಾವಿಬ್ಬರೂ ಮಗುವನ್ನು ನೋಡುತ್ತೇವೆಯೇ ಹೊರತು ಒಬ್ಬರನ್ನೊಬ್ಬರು ನೋಡುವುದಿಲ್ಲ. ಅತ್ತ ನಿನ್ನ ಅತ್ತೆಯವರು ಓಡಾಡುವ ಸದ್ದು, ಇತ್ತ ನಿನ್ನ ತಮ್ಮನ ಗಲಾಟೆ. ಕೆಲವು ಮಾತಿಗೆ ಬಾಗಿಲು ಹಾಕಿಕೊಂಡ ಕೋಣೆ ಬೇಕಾಗುತ್ತದೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿಮ್ಮಪ್ಪನಿಗೆ ಕಾರ್ಖಾನೆಯಲ್ಲಿ ಈಗ ಒಂದು ಬೆಲೆ ಬಂದಿದೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಅವರ ಮೇಲಿನವನು, ನಿನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಅವರನ್ನು ಕಬ್ಬಿಣ ಕಡೆಯುವ ಲೇತಿನ ಹತ್ತಿರವೂ ಬಿಡದೆ ಎರಡು ತಿಂಗಳು ಕಬ್ಬಿಣದ ಚೂರು ಗುಡಿಸಲು ಹಚ್ಚಿದ್ದ. ಇಪ್ಪತ್ತಾರು ವರ್ಷ ಲೇತ್ ಓಡಿಸಿದ ಮನುಷ್ಯ, ತುಟಿ ಪಿಟಕ್ಕೆನ್ನದೆ ಗುಡಿಸಿದರು. ಒಂದು ದಿನ ಗುಡಿಸುತ್ತಲೇ ನಿಂತು, ಅತ್ತ ಓಡುತ್ತಿದ್ದ ಮಿಷನ್ನಿನ ಸದ್ದು ಕೇಳಿ, ಒಳಗಿನ ಬೇರಿಂಗ್ ಹೋಗುತ್ತಿದೆ ಎಂದು ಕೈಸನ್ನೆಯಲ್ಲಿ ಹೇಳಿದರಂತೆ. ಯಾರೂ ನಂಬಲಿಲ್ಲ. ಬಿಚ್ಚಿ ನೋಡಿದರೆ ನಿಜ. ಅಂದಿನಿಂದ ಪೊರಕೆ ಇನ್ನೊಬ್ಬರ ಕೈಗೆ ಹೋಯಿತು. ಕಬ್ಬಿಣ ಎಲ್ಲ ದೇಶದಲ್ಲೂ ಒಂದೇ ಥರ ನರಳುತ್ತದೆ ಎಂದು ಆವತ್ತು ರಾತ್ರಿ ಊಟ ಮಾಡುವಾಗ ನಾಲ್ಕು ಸಲ ಹೇಳಿದರು.

ನಾನು ದೊಡ್ಡ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಯುತ್ತೇನೆ ಎಂದಿದ್ದೆನಲ್ಲ, ಅದು ಹೊಲಿಗೆಯಲ್ಲ, ಕತ್ತರಿ ಕೆಲಸ. ಸಿದ್ಧವಾಗಿ ಬಂದ ಪ್ಯಾಂಟಿನ ಕಾಲು ಕತ್ತರಿಸಿ ಮಡಚಿ ಹೊಲಿಗೆ ಹಾಕುವುದು, ದಿನಕ್ಕೆ ಮೂವತ್ತು ನಲವತ್ತು. ಇಲ್ಲಿ ಬಟ್ಟೆ ಮೊದಲು ಹುಟ್ಟುತ್ತದೆ, ಮನುಷ್ಯ ಆಮೇಲೆ ಹುಟ್ಟುತ್ತಾನೆ ಎಂದು ನಿಮ್ಮಪ್ಪ ನಗುತ್ತಾರೆ. ಸಂಜೆ ಮನೆಗೆ ಬಂದು ಕಿಟಕಿಯ ಪಕ್ಕದ ನನ್ನದೇ ಮಿಷನ್ನಿನಲ್ಲಿ ಮೊಮ್ಮಗಳಿಗೆ ಅಂಗಿ ಹೊಲಿಯುವಾಗ ಕೈಗೆ ಜೀವ ಬರುತ್ತದೆ. ನಿನ್ನ ತಮ್ಮನಿಗೆ ಇಲ್ಲಿಯ ಭಾಷೆ ನೀರು ಕುಡಿದ ಹಾಗೆ ಬರುತ್ತದೆ. ಬಸ್ಸಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಮೆಲ್ಲಗೆ ಮೊಣಕೈ ತಿವಿಯುತ್ತಾನೆ. ಆದರೂ ಒಳ್ಳೆಯವನು. ಆಸ್ಪತ್ರೆ, ಕಚೇರಿ, ತನ್ನದೇ ಶಾಲೆ, ಎಲ್ಲಿಗೆ ಹೋದರೂ ನಮ್ಮಿಬ್ಬರ ಬಾಯಿ ಅವನೇ.

ಇನ್ನು ನಿನಗೆ ಫೋನಿನಲ್ಲಿ ಹೇಳದ ವಿಷಯ.

ಹೋದ ತಿಂಗಳು ಒಂದು ಭಾನುವಾರ, ಇಂಥದ್ದೇ ಹೊತ್ತಿನಲ್ಲಿ, ನಮ್ಮ ತಲೆಯ ಮೇಲಿನ ಮನೆಯಲ್ಲಿ ಹಸುಗೂಸೊಂದು ಅಳಲು ಶುರುಮಾಡಿತು. ಅಲ್ಲೊಂದು ಲಾರಿ ಓಡಿಸುವವನ ಸಂಸಾರವಿದೆ. ಅವನು ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆ. ಹೆಂಡತಿಗೆ ಹೆರಿಗೆಯಾಗಿ ಹತ್ತು ದಿನವೂ ಆಗಿರಲಿಲ್ಲ. ಎರಡು ಗಂಟೆ ಅತ್ತಿತು ಮಗು. ಹಸಿವಿನ ಅಳುವಲ್ಲ ಅದು, ಹೊಟ್ಟೆ ಹಿಡಿದುಕೊಂಡ ಅಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕರೆಯದ ಮನೆಗೆ ಇಲ್ಲಿ ಯಾರೂ ಹೋಗುವುದಿಲ್ಲ, ಸುಮ್ಮನಿರು ಎಂದರು ನಿಮ್ಮಪ್ಪ. ಅವರು ಹೇಳಿ ಮುಗಿಸುವಷ್ಟರಲ್ಲಿ ನಾನು ಮೆಟ್ಟಿಲ ಮೇಲಿದ್ದೆ.

ಬಾಗಿಲು ತೆರೆದವಳು ನಿನ್ನ ವಯಸ್ಸಿನವಳು. ಕೂದಲು ಬಾಚಿ ಎಷ್ಟು ದಿನವಾಗಿತ್ತೋ. ಗಲಾಟೆಯೆಂದು ದೂರು ಹೇಳಲು ಬಂದಿದ್ದೇನೆ ಅಂದುಕೊಂಡು ಒಂದೇ ಸಮನೆ ತಪ್ಪಾಯಿತು, ತಪ್ಪಾಯಿತು ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ನನಗೆ ಚೆನ್ನಾಗಿ ಅರ್ಥವಾಗುವ ಮಾತು ಅದೊಂದೇ, ಇಲ್ಲಿಗೆ ಬಂದು ನಾನು ಮೊದಲು ಕಲಿತದ್ದೂ ಅದನ್ನೇ. ನಾನು ಎರಡೂ ಕೈ ಚಾಚಿದೆ. ಒಂದು ಗಳಿಗೆ ನನ್ನ ಮುಖ ನೋಡಿ ಮಗುವನ್ನು ಕೊಟ್ಟಳು. ಮೊಣಕೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ನೀವಿದೆ, ನೀನು ಹುಟ್ಟಿದಾಗ ನಿನಗೆ ಮಾಡಿದ ಹಾಗೆ. ತೇಗಿತು, ಎರಡು ಸಲ ಬಿಕ್ಕಿತು, ಮಲಗಿತು. ಮಗು ಸುಮ್ಮನಾದದ್ದೇ ಅದರ ತಾಯಿ ನೆಲದ ಮೇಲೆ ಕೂತು ಅಳಲು ಶುರುಮಾಡಿದಳು. ಅವಳ ಬೆನ್ನನ್ನೂ ನೀವಿದೆ.

ಅವಳ ತಾಯಿ ದೂರದ ಊರಿನಲ್ಲಿ ಕಾಲು ಮುರಿದುಕೊಂಡ ಗಂಡನನ್ನು ನೋಡಿಕೊಳ್ಳುತ್ತಿದ್ದಾಳಂತೆ, ನಿನ್ನ ತಮ್ಮ ವಿಚಾರಿಸಿ ಹೇಳಿದ. ಆಮೇಲೆ ಇಪ್ಪತ್ತೆರಡು ದಿನ, ಸಂಜೆ ಕೆಲಸ ಮುಗಿಸಿ ನೇರ ಮೂರನೇ ಮಹಡಿಗೆ, ಅವಳ ಮನೆಗೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದೆ. ಮೊದಲ ದಿನ ಆ ಹುಡುಗಿ ಹೆದರಿ ಬಾಗಿಲಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದಳು. ವಾರ ಕಳೆಯುವುದರಲ್ಲಿ ಬಿಸಿನೀರಿನ ಪಾತ್ರೆ ತಾನೇ ತಂದಿಡುತ್ತಿದ್ದಳು. ಅವಳಿಗೆ ಬಿಸಿಬಿಸಿಯಾಗಿ ಏನಾದರೂ ಬೇಯಿಸಿ, ಉಣ್ಣುವ ತನಕ ಎದುರಿಗೇ ಕೂತಿರುತ್ತಿದ್ದೆ. ನಾನು ನಮ್ಮ ಭಾಷೆಯಲ್ಲಿ ಬೈಯುವುದು, ಅವಳು ತನ್ನ ಭಾಷೆಯಲ್ಲಿ ಸಾಕು ಎನ್ನುವುದು. ಇಬ್ಬರಿಗೂ ಅರ್ಥವಾಗುತ್ತಿತ್ತು.

ನಿನಗೆ ಹೇಳಬೇಕೆಂದು ದಿನಾ ಫೋನು ಹಿಡಿಯುತ್ತಿದ್ದೆ. ನಿನ್ನ ಬಾಣಂತನಕ್ಕೆ ಬರದ ನಾನು ಇದನ್ನು ಹೇಳಿದರೆ ನಿನ್ನ ಕಿವಿಗೆ ಹೇಗೆ ಬೀಳುತ್ತದೆಂದು ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಒಂದು ಸಂಜೆ ಅಡುಗೆ ತಡವಾದಾಗ ನಿಮ್ಮಪ್ಪ ತಮಾಷೆಗೆ, "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂದರು. ಅಂದವರೇ ತಟ್ಟೆ ನೋಡುತ್ತ ಕೂತುಬಿಟ್ಟರು. ಇಬ್ಬರ ಕಣ್ಣ ಮುಂದೆಯೂ ನೀನೇ ಇದ್ದೆ.

ಕಳೆದ ಸೋಮವಾರ ಆ ಹುಡುಗಿಯ ತಾಯಿ ಬಂದಳು. ನನ್ನ ಸಮವಯಸ್ಸಿನ, ದಪ್ಪ ಕೈಗಳ ಹೆಂಗಸು. ನನ್ನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ನಿನ್ನ ತಮ್ಮ ಮಧ್ಯೆ ನಿಂತು ಎರಡು ಕಡೆಗೂ ತಲುಪಿಸುತ್ತಿದ್ದ. ನಿಮಗೂ ಮಗಳಿದ್ದಾಳಾ ಎಂದು ಕೇಳಿದಳು. ಇದ್ದಾಳೆ, ಅವಳಿಗೂ ಹೆಣ್ಣುಮಗು ಎಂದೆ. ಹಾಗಾದರೆ ಅವಳ ಹತ್ತಿರ ಯಾರಿದ್ದರು ಎಂದಳು. ಕೇಳಬೇಕಾದ ಮಾತೇ, ಅದರಲ್ಲಿ ಕೊಂಕಿರಲಿಲ್ಲ.

ನಿನ್ನ ತಮ್ಮ ನನ್ನ ಮುಖ ನೋಡಿದ. "ಏನಂತ ಹೇಳ್ಲಿ ಅಮ್ಮ?"

"ಇದ್ದದ್ದು ಇದ್ದ ಹಾಗೆ ಹೇಳು."

ಅವನು ಹೇಳಿದ್ದು ಸ್ವಲ್ಪ ಉದ್ದವಾಗಿಯೇ ಇತ್ತು. ಆ ಹೆಂಗಸು ನನ್ನ ಕೈ ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದಳು. ಕೆಳಗಿಳಿಯುವಾಗ ಏನು ಹೇಳಿದೆಯೋ ಎಂದು ಕೇಳಿದೆ.

"ಅಕ್ಕನ್ನ ಅವಳ ಅತ್ತೆ ಚೆನ್ನಾಗಿ ನೋಡ್ಕೊಂಡ್ರು, ನಮ್ಮಮ್ಮ ಮಾತ್ರ ದಿನಾ ಅಳ್ತಾಳೆ ಅಂದೆ."

"ನಾನೆಲ್ಲಿ ಅಳ್ತೀನೋ?"

"ಮಿಷನ್ ಹತ್ರ. ಸುಮ್ಮನೆ ಜೋರಾಗಿ ಓಡಿಸ್ತೀಯಲ್ಲ, ಬಟ್ಟೆ ಇಲ್ದೇನೇ. ಆವಾಗ."

ಹದಿನಾಲ್ಕು ವರ್ಷದವನಿಗೆ ಇಷ್ಟೆಲ್ಲ ಕೇಳಿಸುತ್ತದೆ ಎಂದು ನಾನು ತಿಳಿದಿರಲಿಲ್ಲ ಗುಬ್ಬಿ. ಅಪ್ಪನ ಕಿವಿಯೇ ಬಂದಿದೆ ಅವನಿಗೆ.

ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಮಾಡಿದ್ದನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದೂ ಹೇಳು. ತಲೆಗೆ ನೀರು ಹಾಕಿಕೊಂಡ ದಿನ ಗಾಳಿಗೆ ಕೂರಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಮ್ಮಗಳು ನೂರು ಕಾಲ ಬಾಳಲಿ, ನಿನ್ನ ಸಂಸಾರ ತಣ್ಣಗಿರಲಿ.

ಸದಾ ನಿನ್ನ ಒಳಿತನ್ನೇ ಬಯಸುವ,
ಅಮ್ಮ

ತಾ. ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಡಿಸಿದೆ. ಇಷ್ಟು ಬರೆದದ್ದೇ ಇದನ್ನು ಹೇಳಲು, ಇದೇ ಉಳಿದುಬಿಟ್ಟಿತು. ನಿನ್ನ ಹೆರಿಗೆಗೆ ಬರಲು ರಜೆ ಸಿಗಲಿಲ್ಲ ಎಂದಿದ್ದೆ. ಅದು ಸುಳ್ಳು. ಆರು ವಾರ ರಜೆ ಕೊಟ್ಟಿದ್ದರು, ನಾನೇ ಬೇಡವೆಂದೆ. ನಿಮ್ಮಪ್ಪನಿಗೂ ರಜೆ ಸಿಗಲಿಲ್ಲವೆಂದೇ ಹೇಳಿದ್ದೆ, ಅವರು ಇವತ್ತಿಗೂ ಅದನ್ನೇ ನಂಬಿದ್ದಾರೆ. ಅಲ್ಲಿ ನಮ್ಮ ಮನೆ ಖಾಲಿ ಮಾಡಿಯಾಗಿತ್ತು. ಬಂದರೆ ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಬೀಗರ ಮನೆಯಲ್ಲಿ ಇಳಿದು, ನಿನಗೆ ನೀರು ಕಾಯಿಸಲೂ ಅವರ ಅಪ್ಪಣೆ ಕೇಳಿಕೊಂಡು, ಮಗಳನ್ನು ಕರೆದೊಯ್ಯಲು ತವರಿಲ್ಲದವಳು ಎಂದು ಅವರ ನಡುಮನೆಯಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ. ಬರೀ ಅಭಿಮಾನ. ಬೇರೆ ಕಾರಣವಿಲ್ಲ. ಮೇಲಿನ ಮನೆಗೆ ಬಂದ ಆ ತಾಯಿ ಒಂದೇ ಚೀಲ ಹಿಡಿದು ಬಂದಳು, ಅಳಿಯನ ಮನೆಯ ಒಲೆಯ ಪಕ್ಕ ನೆಲದ ಮೇಲೆ ಹಾಸಿಕೊಂಡು ಮಲಗುತ್ತಾಳೆ. ಅವಳಿಗೆ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಮೊನ್ನೆ ಮತ್ತೆ ರಜೆಗೆ ಬರೆದುಕೊಟ್ಟಿದ್ದೇನೆ. ಮಗು ಅಂಬೆಗಾಲಿಡುವ ಮೊದಲು ಬರುತ್ತೇನೆ, ನೀವು ಎಲ್ಲಿ ಮಲಗೆನ್ನುತ್ತೀರೋ ಅಲ್ಲಿ ಮಲಗುತ್ತೇನೆ. ಇದನ್ನು ಓದಿ ನಿನಗೆ ಸಿಟ್ಟು ಬಂದರೆ ನುಂಗಿಕೊಳ್ಳಬೇಡ, ಫೋನು ಮಾಡಿ ಬೈದುಬಿಡು. ಮೂರು ತಿಂಗಳಿಂದ "ನಾನು ಚೆನ್ನಾಗಿದ್ದೀನಮ್ಮ" ಎನ್ನುತ್ತಿರುವ ದನಿ ಯಾರದೋ ನನಗೆ ಗೊತ್ತಿಲ್ಲ. ಬೈಯುವ ದನಿ ನನ್ನ ಮಗಳದು.