ನಮಗೆ ಬಿದ್ದ ಗೋಲುಗಳು

ಚಿತ್ತಾಪುರ
೨೦ ಅಕ್ಟೋಬರ್ ೨೦೨೪, ರವಿವಾರ

ನನ್ನ ಮುದ್ದಿನ ಪ್ರಮಿತಾ,

ಅಜ್ಜನ ಆಶೀರ್ವಾದ, ಅಜ್ಜಿಯದು ನನ್ನದಕ್ಕಿಂತ ಒಂದು ಹೆಚ್ಚು. ಆರೋಗ್ಯವೇ? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತದೆಯೇ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಗೋಲ್‌ಕೀಪರ್ ತರಬೇತಿಯಲ್ಲಿ ಪುರುಸೊತ್ತಿಲ್ಲವೇನೋ ಎಂದು ಸಮಾಧಾನ ಮಾಡಿಕೊಂಡಿದ್ದೇವೆ. ಶಹಾಬಾದಿನಲ್ಲಿ ನಿಮ್ಮಪ್ಪ, ಅಮ್ಮ ಕ್ಷೇಮ. ನನ್ನ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಯಿತು. ಇಷ್ಟು ದಿನ ನಾನು ಹೇಳಿದ್ದನ್ನು ನಿನ್ನ ಅಜ್ಜಿ ಬರೆಯುತ್ತಿದ್ದಳು. ಇದು ನನ್ನದೇ ಕೈಬರಹ. ಕಣ್ಣು ಬಂತೆಂದು ಖುಷಿಪಡುವಷ್ಟರಲ್ಲಿ ನೋಡಬಾರದ್ದನ್ನೇ ನೋಡಿದೆ.

ಹಾಸ್ಟೆಲಿನಲ್ಲಿ ಫೋನಿಲ್ಲ, ಟಿವಿಯಿಲ್ಲ, ‘ಡೆಕ್ಕನ್ ರೋವರ್ಸ್ ಮ್ಯಾಚ್ ಏನಾತು ಅಂತ ನೀವ ಬರೀಬೇಕು ಅಜ್ಜಾ’ ಎಂದು ಆಣೆ ಮಾಡಿಸಿಕೊಂಡು ಹೋದೆಯಲ್ಲ. ನನಗೋ ಕಾಲ್ಚೆಂಡಿನ ಗಂಧಗಾಳಿ ಇಲ್ಲ. ಎದುರು ಮನೆಯ ಅಂಬರೇಶ, ಮೊಬೈಲ್ ಅಂಗಡಿಯವನು, ನೋಡುವುದು. ಅವನು ಹೇಳಿದ್ದನ್ನು ನಾನು ನಿನಗೆ ಬರೆಸುವುದು. ಮೊದಲ ಮ್ಯಾಚ್ ಮುಗಿದಾಗ ಅವನು ಬಾಗಿಲಲ್ಲೇ ನಿಂತು ‘ಸರ್, ನಮಗ ಎರಡ್ ಬಿದ್ವು’ ಅಂದ. ಆಮೇಲೆ ಮೂರು ಬಿದ್ದವು, ಮತ್ತೆ ಮೂರು, ಮತ್ತೆ ನಾಲ್ಕು. ಪರೀಕ್ಷೆಯಲ್ಲಿ ಅಂಕ ಬೀಳುತ್ತವೆ, ಲಾಟರಿ ಬೀಳುತ್ತದೆ, ಗೋಲೂ ಹಾಗೆಯೇ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ನಾಲ್ಕು ಸಲವೂ ನಿನ್ನ ಅಜ್ಜಿ ಕಡಲೆಬೇಳೆ, ಬೆಲ್ಲ ಹಾಕಿ ಹಯಗ್ರೀವ ಮಾಡಿ, ರಾಯರಿಗೆ ನೈವೇದ್ಯ ತೋರಿಸಿ, ಓಣಿಗೆಲ್ಲ ಹಂಚಿದಳು. ಅಂಬರೇಶನಂತೂ ಬಟ್ಟಲು ನೆಕ್ಕಿದ. ನೀನೂ ಕಾಗದದಲ್ಲಿ ‘ನಮ್ಮ ಟೀಮಿನಂಗ ನನಗೂ ಇಲ್ಲಿ ದಿನಾ ಬೀಳಾಕತ್ತಾವ ಅಜ್ಜಾ’ ಎಂದು ಬರೆದಿದ್ದೆ. ತರಬೇತಿಯಲ್ಲಿ ದಿನವೂ ಅಂಕ ಹಾಕುತ್ತಾರೆಂದುಕೊಂಡು, ‘ಶಹಬ್ಬಾಸ್, ಇನ್ನೂ ಹೆಚ್ಚು ಬೀಳಲಿ’ ಎಂದು ಮರುಟಪಾಲಿಗೇ ಹರಸಿ ಬರೆಸಿದೆ. (ನಿಮ್ಮ ಕಾಗದಗಳನ್ನು ವಾರ್ಡನ್ ಓದಿಯೇ ಟಪಾಲಿಗೆ ಹಾಕುತ್ತಾರಂತೆ. ಮಕ್ಕಳ ಮೇಲೆ ಎಷ್ಟು ಕಾಳಜಿ! ಅವರಿಗೂ ನನ್ನ ನಮಸ್ಕಾರ ತಿಳಿಸು.)

ನಿನ್ನೆ ಸಂಜೆ ಐದನೆಯ ಮ್ಯಾಚ್. ಹೊಸ ಕಣ್ಣು ಬಂದಿದೆಯಲ್ಲ, ನಾನೇ ನೋಡುತ್ತೇನೆಂದು ಅಂಬರೇಶನ ಮನೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೆ. ಹಳದಿ ಅಂಗಿಯವರು ನಮ್ಮವರೆಂದು ತೋರಿಸಿಕೊಟ್ಟ. ಹತ್ತು ನಿಮಿಷವಾಗಿರಲಿಲ್ಲ, ಚೆಂಡು ನಮ್ಮ ಕೀಪರನ ಹಿಂದಿನ ಬಲೆಗೆ ಹೋಯಿತು. ‘ಬಿತ್ತಲ್ರೀ ನಮಗ ಒಂದು!’ ಎಂದು ಅಂಬರೇಶ ಹಣೆ ಬಡಿದುಕೊಂಡ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ‘ನಮಗ ಬಿದ್ರ ನಾವ್ ಸೋತಂಗ ರೀ ಸರ್!’ ಅಂದ. ಹಾಗಾದರೆ ನಾಲ್ಕು ಸಲ ಹಯಗ್ರೀವ ಯಾಕೆ ತಿಂದೆಯೋ ಎಂದರೆ, ‘ನೀವು ದೊಡ್ಡ ಮಂದಿ, ಸೋತಾಗೂ ಸೀ ಹಂಚ್ತೀರಿ ಅಂತ ತಿಳ್ಕೊಂಡಿದ್ದೆ’ ಅನ್ನುತ್ತಾನೆ! ಆಟ ಮುಗಿಯುವ ಹೊತ್ತಿಗೆ ಐದು ಬಿದ್ದಿದ್ದವು. ತಂಡಗಳ ಪಟ್ಟಿ ತೋರಿಸಿದರು, ನಮ್ಮದು ಎಲ್ಲಕ್ಕಿಂತ ತಳದಲ್ಲಿ. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವನ ಮಾನವನ್ನು ‘ಬೀಳು’ ಎಂಬ ಒಂದು ಧಾತು ಕಳೆದುಬಿಟ್ಟಿತು. ನಿನ್ನ ಅಜ್ಜಿ ಮಾತ್ರ ನಕ್ಕಳು. ‘ನೈವೇದ್ಯ ಆದದ್ದು ರಾಯರಿಗೆ, ನಿಮ್ಮ ಟೀಮಿಗಲ್ಲ ಬಿಡ್ರಿ’ ಅಂದಳು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಕೂಸೇ, ಇನ್ನೂ ಬೇಕಾದಷ್ಟು ಮ್ಯಾಚ್‌ಗಳಿವೆಯಂತೆ.

ಚೆನ್ನಾಗಿ ತಿನ್ನು, ಚೆನ್ನಾಗಿ ಆಡು. ರಾಯರು ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜ,
ನರಸಿಂಹ

ತಾ.ಕ.: ವಿಳಾಸ ಬರೆಯಲೆಂದು ನಿನ್ನ ಆ ಕಾಗದ ತೆಗೆದೆ. ಅಂದು ಅಜ್ಜಿ ಓದಿ ಹೇಳಿದ್ದಳು, ಅವಸರದಲ್ಲಿ ಬರೆದಿರಬೇಕೆಂದುಕೊಂಡಳಂತೆ. ಇಂದು ನಾನೇ ನೋಡಿದೆ. ಮುತ್ತಿನಂಥ ಅಕ್ಷರ ನಿನ್ನದು. ಇದು ಎಡಗೈಯಲ್ಲಿ ಗೀಚಿದ ಹಾಗಿದೆ. ಪ್ರಮಿತಾ, ನಿನಗೆ ಕಾಲ್ಚೆಂಡಿನ ಮಾತು ಗೊತ್ತು. ‘ನಮಗೆ ಬಿದ್ದವು’ ಎಂದು ನಾನು ಬರೆಸಿದಾಗಲೆಲ್ಲ ಸೋತೆವೆಂದೇ ಓದಿಕೊಂಡಿದ್ದೀಯ. ಹಾಗಿದ್ದರೆ ‘ನಮ್ಮ ಟೀಮಿನಂಗ’ ನಿನಗೆ ದಿನಾ ಬೀಳುತ್ತಿರುವುದು ಅಂಕವಲ್ಲ. ಬರೀ ಗೋಲಾಗಿದ್ದರೆ ಬಲಗೈಯಲ್ಲಿ ಬರೆಯಲಾಗದಂತೆ ಯಾಕಾಗುತ್ತಿತ್ತು? ಏಟೂ ಬೀಳುತ್ತದಲ್ಲ ಮಗಳೇ. ವಾರ್ಡನ್ ಓದುವ ಕಾಗದದಲ್ಲಿ ನೀನು ಇನ್ನು ಹೇಗೆ ಹೇಳಬೇಕಿತ್ತು? ಇನ್ನೂ ಹೆಚ್ಚು ಬೀಳಲಿ ಎಂದು ಹರಸಿದೆನಲ್ಲ, ನನ್ನ ನಾಲಿಗೆ ಸೇದಿಹೋಗಲಿ. ಇದನ್ನು ಟಪಾಲಿಗೆ ಹಾಕುವುದಿಲ್ಲ. ನಿಮ್ಮಪ್ಪನಿಗೆ ಫೋನು ಮಾಡಿದ್ದೇನೆ, ವಾಡಿ ಸ್ಟೇಷನ್ನಿನಲ್ಲಿ ನನ್ನ ಜೊತೆಗೂಡುತ್ತಾನೆ. ಈ ಕಾಗದ ನಿನ್ನ ಕೈಗೆ ನಾನೇ ಕೊಡುತ್ತೇನೆ. ಓದಿದ ಕೂಡಲೇ ಬಟ್ಟೆ ಕಟ್ಟಿಕೋ. ನಾವು ಬಾಗಿಲಲ್ಲೇ ನಿಂತಿರುತ್ತೇವೆ. ಇನ್ನು ಒಂದೂ ಬೀಳಕೂಡದು.