ಹೊಟ್ಟೆಉರಿ ಯಾರ ಮೇಲೆ

ಅತ್ತೆ,

ಬೆರಳಿನ ಗಂಟುಗಳು ಮತ್ತೆ ಊದಿಕೊಂಡಿವೆ. ಇವತ್ತು ನಿಮ್ಮ ಮೊಮ್ಮಗಳು ನಂದಿತಾ ನನ್ನನ್ನು ನಂಜನಗೂಡಿನ ಡಾಕ್ಟರ ಬಳಿ ಕರೆದೊಯ್ದಳು.

“ಹೊಟ್ಟೆಉರಿ ಇದೆಯಾ?” ಎಂದರು.

“ಯಾರ ಮೇಲೆ?” ಎಂದುಬಿಟ್ಟೆ.

“ಮಾತ್ರೆ ತಗೊಂಡ್ಮೇಲೆ ಉರಿಯುತ್ತಾ ಅಂದೆ ಕಣಮ್ಮ,” ಎಂದು ನಕ್ಕರು. ಆಮೇಲೆ, ಮನಸ್ಸಿನಲ್ಲಿ ಕೋಪ ಇಟ್ಟುಕೊಂಡರೆ ಊತವೂ ಹೆಚ್ಚುತ್ತದೆ, ಬಿಟ್ಟುಬಿಡಿ ಎಂದರು.

ನನ್ನ ವಾರಗಿತ್ತಿಗೆ ನಂದಿತಾ ಹುಟ್ಟಿದಾಗ ಅವಳ ಎದುರಿಗೇ ನೀವು ನನಗೆ, “ಮಕ್ಳಿಲ್ದೋಳ ಹೊಟ್ಟೆಉರಿ ಬೆರಳಿಗೆ ಇಳ್ದದೆ, ಕೂಸ ಮುಟ್ಬೇಡ” ಅಂದಿರಿ. ಅದರಲ್ಲಿ ಅರ್ಧ ನಿಜವಿತ್ತೇನೋ. ಆದರೂ ನೋವಿಗೆ ಹೆದರಿ ನಿಮ್ಮನ್ನು ಕ್ಷಮಿಸಬೇಕೇ?

ಬಸ್ಸಿನಲ್ಲಿ ನಂದಿತಾ ನನ್ನ ಬೆರಳು ನೀವುತ್ತಾ, “ಅಜ್ಜಿ ಹೆಂಗಿದ್ರು ದೊಡ್ಡಮ್ಮ? ನಂಗೆ ನೆನಪೇ ಇಲ್ಲ,” ಎಂದಳು.

ನನಗೂ ಅಷ್ಟಾಗಿ ನೆನಪಿಲ್ಲ ಎಂದೆ.