ಟನ್ನಿಗೆ ಮೂರು ಗ್ರಾಂ

ಮಾರ್ಚ್ ೧೪, ಗುರುವಾರ ಸಂಜೆ

ಪ್ರೀತಿಯ ಟೀಚರಮ್ಮನಿಗೆ,

ಹೇಗಿದ್ದೀಯ ಎಂದು ಕೇಳುವ ಹಕ್ಕು ಉಳಿದಿದೆಯೋ ಇಲ್ಲವೋ, ಕೇಳಿಬಿಟ್ಟೆ. ನಾನಂತೂ ಚೆನ್ನಾಗಿಲ್ಲ. ನೀನು ತಂಗಿಯ ಮನೆಗೆ ಹೋಗಿ ಏಳು ತಿಂಗಳಾಯಿತು. ಒಬ್ಬನಿಗೇ ಅಡುಗೆ ಮಾಡುವುದು ಇನ್ನೂ ಕೈಗೆ ಹತ್ತಿಲ್ಲ. ಇಬ್ಬರಿಗಾಗುವಷ್ಟು ಬೇಯಿಸಿ ಮರುದಿನವೂ ಅದನ್ನೇ ತಿನ್ನುತ್ತೇನೆ.

ನಮ್ಮ ಗಣಿಯ ಹಣೆಬರಹ ನಿನಗೆ ಗೊತ್ತು. ಒಂದು ಟನ್ ಕಲ್ಲಿಗೆ ಮೂರು ಗ್ರಾಂ ಚಿನ್ನವಿದ್ದರೆ ಹಾಕಿದ ಖರ್ಚು ಹುಟ್ಟುತ್ತದೆ, ಕಡಿಮೆಯಾದರೆ ಅಗೆದಷ್ಟೂ ನಷ್ಟ. ಎಷ್ಟಿದೆ ಎಂದು ಹೇಳುವವನು ಪರೀಕ್ಷಾ ಕೋಣೆಯಲ್ಲಿ ಕಲ್ಲಿನ ಪುಡಿ ಕಲಸುವ ಈ ನಿನ್ನ ಗಂಡ. ನೀನು ಹೋಗುವಾಗ ಎರಡಕ್ಕೆ ಇಳಿದಿತ್ತು, ಮುಚ್ಚುವುದೇ ಎಂದು ಜನ ಗಂಟುಮೂಟೆ ಕಟ್ಟುತ್ತಿದ್ದರು. ಅಷ್ಟರಲ್ಲಿ ನನ್ನ ವರದಿಗಳಲ್ಲಿ ಮೂರೂವರೆ, ನಾಲ್ಕು ಬರತೊಡಗಿತು. ಮ್ಯಾನೇಜರ್ ಬೆನ್ನು ತಟ್ಟಿ, ನಿಮ್ಮದು ಒಳ್ಳೇ ಕೈಗುಣ ಕಣ್ರೀ ಅಂದರು.

ಆದರೆ ಕರಗಿಸಿದಾಗ ಅಷ್ಟು ಚಿನ್ನ ಕಾಣಲಿಲ್ಲ. ಹೋದ ವಾರ ಚಿನ್ನ ಕರಗಿಸುವ ಕುಲುಮೆಯಣ್ಣನನ್ನು, ನೀನು ಬಾಯ್ತುಂಬ ಅಣ್ಣಾ ಎನ್ನುತ್ತಿದ್ದವನನ್ನು, ಕಳ್ಳನೆಂದು ಮನೆಗೆ ಕಳಿಸಿದರು.

ಸೋಮವಾರ ಕೈ ತೊಳೆಯುವಾಗ ನನಗೆ ಹೊಳೆಯಿತು. ಪರೀಕ್ಷಾ ಕೋಣೆಗೆ ಚಿನ್ನ ಹಾಕಿಕೊಂಡು ಹೋಗುವಂತಿಲ್ಲ. ಉಂಗುರದಿಂದ ಉದುರುವ ಕಣ್ಣಿಗೆ ಕಾಣದ ಒಂದು ಚೂರು ಸಾಕು, ಲೆಕ್ಕ ಕೆಡಲು. ಹದಿನೆಂಟು ವರ್ಷ ಬಾಗಿಲಲ್ಲೇ ಮದುವೆಯ ಉಂಗುರ ಬಿಚ್ಚಿ ಡಬ್ಬಿಗೆ ಹಾಕಿದೆ, ವಾರಗಟ್ಟಲೆ ಅಲ್ಲೇ ಮರೆತೆ. ನೀವು ಭಾನುವಾರ ಮಾತ್ರ ನನ್ನ ಗಂಡ ಎಂದು ನೀನು ಜರೆಯುತ್ತಿದ್ದೆ. ನೀನು ಹೋದ ಮೇಲೆ ಹಾಕಿಕೊಂಡವನು ಬಿಚ್ಚಲೇ ಇಲ್ಲ. ಒಬ್ಬನೇ ಇದ್ದು ಬೆರಳೂ ಸೊರಗಿದೆ, ಉಂಗುರ ಸಡಿಲವಾಗಿ ಪುಡಿಗೆ ಉಜ್ಜುತ್ತಿತ್ತು.

ಬಿಚ್ಚಿಟ್ಟು ಮತ್ತೆ ಪರೀಕ್ಷಿಸಿದೆ. ಒಂದು ಪಾಯಿಂಟ್ ಒಂಬತ್ತು. ಮಂಗಳವಾರ ಎಲ್ಲವನ್ನೂ ಬರೆದುಕೊಟ್ಟೆ. ಅಣ್ಣನ ಮೇಲಿನ ಕಳಂಕ ಹೋಯಿತು, ತಿಂಗಳ ಕೊನೆಗೆ ಗಣಿಗೆ ಬೀಗ. ಇನ್ನೂರು ಮನೆಯವರು ನನ್ನ ಮುಖ ನೋಡುತ್ತಿಲ್ಲ. ಕ್ಷಮೆ ಕೇಳಲು ಹೋದರೆ ಅಣ್ಣ ಬೈಯಲಿಲ್ಲ. ಅಷ್ಟು ಪ್ರೀತಿ ಇದ್ರೆ ಅವಳಿಗೆ ಹೇಳ್ಬೇಕಿತ್ತು ಮಾರಾಯ, ಕಲ್ಲಿಗೆ ಯಾಕೆ ಹೇಳ್ದೆ ಅಂದ.

ಅದಕ್ಕೇ ಈ ಪತ್ರ. ನೀನಿಲ್ಲದೆ ಆಗುತ್ತಿಲ್ಲ.

ಇಂತಿ,
ನಿನ್ನ ಭಾನುವಾರದ ಗಂಡ

ತಾ.ಕ.: ಸೋಮವಾರ ಹೊಳೆಯಿತು ಎಂದದ್ದು ಸುಳ್ಳು. ಗೊತ್ತಾಗಿ ಎರಡು ತಿಂಗಳಾಗಿತ್ತು. ಬಿಚ್ಚಿದರೆ ನೀನು ಹೇಳಿದ್ದೇ ನಿಜವಾಗುತ್ತದಲ್ಲ ಎಂದು ಬಿಚ್ಚಲಿಲ್ಲ. ಈಗ ಹೇಗೂ ಪರೀಕ್ಷೆಯ ಕೆಲಸ ನಿಂತಿದೆ. ಮತ್ತೆ ಹಾಕಿಕೊಂಡಿದ್ದೇನೆ, ಜಾರದಿರಲೆಂದು ದಾರ ಸುತ್ತಿದ್ದೇನೆ.